ಹರಿಗೋಲು ನಾಲ್ಕು ಗುಂಡಿ ಬಿಡಲಿಲ್ಲ

ಕೊರೊನಾ ಗಲಾಟೆ ಮುಗಿದು ಜನ ಮುಖಗವಸು ಬಿಚ್ಚಿಟ್ಟ ಮೇಲಿನ ಮಳೆಗಾಲ. ನಾನು ವೈರ್‌ಲೆಸ್ ಆಪರೇಟರ್ ಕೆಲಸದಿಂದ ನಿವೃತ್ತಳಾಗಲು ಇನ್ನೆರಡು ವರ್ಷವಿತ್ತು. ಆ ಆಗಸ್ಟ್‌ನಲ್ಲಿ ನನ್ನನ್ನು ಸಿರುಗುಪ್ಪ ತಾಲ್ಲೂಕಿನ ನದಿ ದಂಡೆಯ ಒಂದು ಊರಿಗೆ ಪ್ರವಾಹದ ಡ್ಯೂಟಿಗೆ ಹಾಕಿದರು. ಸಾಲಿಯ ಮಹಡಿ ಮೇಲಿನ ಒಂದು ಕೋಣೆಯೇ ಕಂಟ್ರೋಲ್ ರೂಮ್. ಒಂದು ಮೇಜು, ಒಂದು ಬೇಸ್ ಸೆಟ್, ಕೆಳಗೆ ಬ್ಯಾಟರಿ, ಮೇಲೆ ಸೂರಿಗೆ ಕಟ್ಟಿದ ಆಂಟೆನಾ, ಒಂದು ಲಾಗ್ ಪುಸ್ತಕ, ಮತ್ತು ನಾನು. ಇನ್ನೊಬ್ಬ ಆಪರೇಟರ್ ಬರುತ್ತಾನೆ ಎಂದು ಹೇಳಿದ್ದರು. ಬಂದೇ ಇಲ್ಲ.

ಒಬ್ಬಳೇ ಇರುವುದು ನನಗೆ ಹೊಸದಲ್ಲ. ಬಹಳ ಹಿಂದೆ ಆರು ವರ್ಷ ಕುರುಗೋಡಿನ ಒಂದು ಗುಡ್ಡದ ಮೇಲೆ ರಿಪೀಟರ್ ಕೋಣೆ ಕಾದವಳು. ರಿಪೀಟರ್ ಎಂದರೆ ದೂರದ ದನಿಯನ್ನು ಹಿಡಿದು, ಜೋರು ಮಾಡಿ, ಇನ್ನೂ ದೂರಕ್ಕೆ ಕಳಿಸುವ ಯಂತ್ರ. ಅದಕ್ಕೆ ತನ್ನದೇ ಮಾತು ಅಂತ ಏನೂ ಇರುವುದಿಲ್ಲ. ನನಗೂ ಹೆಚ್ಚುಕಡಿಮೆ ಹಾಗೇ ಆಗಿತ್ತು. ಗುಡ್ಡದ ಬುಡದಲ್ಲೇ ನನ್ನ ತಂಗಿ ನೀಲಮ್ಮನ ಮನೆ. ಅವ್ವ ಅವಳ ಹತ್ತಿರವೇ ಇದ್ದಳು. ಅವ್ವ ತೀರಿಕೊಂಡಾಗ ನಾನು ಬೇರೆ ತಾಲ್ಲೂಕಿನಲ್ಲಿ ಡ್ಯೂಟಿ ಮೇಲಿದ್ದೆ, ಸೆಟ್ಟು ಒಪ್ಪಿಸಿಕೊಳ್ಳಲು ಯಾರೂ ಇರಲಿಲ್ಲ. ನಾನು ಹೋಗಿ ಮುಟ್ಟಿದ್ದು ಮೂರನೇ ದಿನಕ್ಕೆ. ನೀಲಮ್ಮ ಬಾಗಿಲಲ್ಲೇ ನಿಂತು, "ಊರ ಮಂದಿ ಕರದ್ರ ಓ ಅಂತಿ. ಮನಿಯವರು ಕರದ್ರ ಡ್ಯೂಟಿ ಅಂತಿ. ಹೋಗಕ್ಕಾ, ಆ ಸೆಟ್ಟಿಗೇ ಅವ್ವ ಅನ್ನು," ಅಂದಳು. ಹದಿನೈದು ದಿನ ಬಿಟ್ಟು ನಾನು ಒಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವಳಿಗೇ ಬೇಡವಾದರೆ ನನಗೇನು ಅಂತ ಬಿಟ್ಟೆ. ಹಾಗೆ ಬಿಟ್ಟು ನಾಲ್ಕು ವರ್ಷವಾಗಿತ್ತು. ಬಳ್ಳಾರಿಯ ಪಾರ್ವತಿನಗರದ ನನ್ನ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುವುದು ಬಿಟ್ಟರೆ ಬೇರೆ ಸಪ್ಪಳವಿರಲಿಲ್ಲ.

ಆ ವರ್ಷ ನಮಗೆ ಆರು ಹೊಸ ಸೆಟ್ಟು ಬಂದಿದ್ದವು. ಕಿತ್ತಳೆ ಬಣ್ಣದವು, ಅಂಗೈಗಿಂತ ಸ್ವಲ್ಪ ಉದ್ದ. ಇವು ಸಮುದ್ರದಲ್ಲಿ ಸಣ್ಣ ದೋಣಿ ಹಾಕಿಕೊಂಡು ಒಬ್ಬೊಬ್ಬರೇ ಮೀನು ಹಿಡಿಯಲು ಹೋಗುವವರಿಗಾಗಿ ಮಾಡಿದ ಮರೀನ್ ರೇಡಿಯೋ. ನೀರಿಗೆ ಬಿದ್ದರೂ ಕೆಡುವುದಿಲ್ಲ, ಮುಳುಗುವುದಿಲ್ಲ, ತೇಲುತ್ತವೆ. ಪರವಾನಗಿ ತೆಗೆದುಕೊಂಡು ನಮ್ಮ ಚಾನೆಲ್ಲಿಗೆ ಹೊಂದಿಸಿ, ಹರಿಗೋಲು ಇರುವ ಆರು ಜನ ಮೀನುಗಾರರಿಗೆ ಕೊಡಬೇಕು, ನೀರು ಏರಿದಾಗ ಅವರೇ ನಮಗೆ ಕಣ್ಣು, ಅವರಿಗೆ ನಾವೇ ಕಿವಿ ಎನ್ನುವುದು ಯೋಜನೆ. ಸೆಟ್ಟು ಹಂಚಿದ ದಿನ ಊರಿನವರು ನಕ್ಕಿದ್ದೇ ನಕ್ಕಿದ್ದು.

"ಅಕ್ಕೋರ, ಬಳ್ಳಾರಿ ಜಿಲ್ಲಾಕ ಸಮುದ್ರ ಯಾವಾಗ ಬಂತ್ರಿ?" ಎಂದು ಕೇಳಿದವನೇ ಹುಲುಗಪ್ಪ. ನಲವತ್ತೈದರ ಆಸುಪಾಸಿನ ಆಳು, ಸಣಕಲು ಮೈ, ದೊಡ್ಡ ಕಿವಿ. ಹೆಂಡತಿ ಇಲ್ಲ. ಒಬ್ಬಳೇ ಮಗಳನ್ನು ಮೋಕಾ ಎಂಬ ಊರಿಗೆ ಕೊಟ್ಟಿದ್ದ. ಸಾಲಿಯ ಕೋಣೆಯಲ್ಲಿ ಪಾಠ ಹೇಳಿದ್ದರಿಂದ ಅವರೆಲ್ಲ ನನ್ನನ್ನು ಟೀಚರಮ್ಮನನ್ನು ಕರೆದ ಹಾಗೆ ಅಕ್ಕೋರ ಎನ್ನುತ್ತಿದ್ದರು. ಇಲಾಖೆಯಲ್ಲಿ ನನ್ನ ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರು ಬೇರೆ. "ಓವರ್ ಅಮ್ಮ" ಎನ್ನುತ್ತಿದ್ದರು. ವೈರ್‌ಲೆಸ್ಸಿನಲ್ಲಿ ಮಾತು ಮುಗಿದಾಗ 'ಓವರ್' ಎನ್ನಲೇಬೇಕೆಂಬ ಶಿಸ್ತಿನ ವಿಷಯದಲ್ಲಿ ನಾನು ಯಾರನ್ನೂ ಬಿಡುತ್ತಿರಲಿಲ್ಲ, ಅದಕ್ಕೆ.

ಎರಡು ಮಾತು ಕಡ್ಡಾಯ ಮಾಡಿದೆ. ಮೊದಲನೆಯದು, ಸೆಟ್ಟು ಹರಿಗೋಲಿನಲ್ಲಿ ಇಡುವಂತಿಲ್ಲ, ಎದೆಗೆ ಕಟ್ಟಿಕೊಳ್ಳಬೇಕು. "ಹರಿಗೋಲು ಮಗುಚಿದ್ರ ಸೆಟ್ಟು ಒಂದು ದಿಕ್ಕು, ನೀನು ಒಂದು ದಿಕ್ಕು ಹೋದ್ರ ಅದು ಯಾರ ಜೋಡಿ ಮಾತಾಡಬೇಕು, ಮೀನಿನ ಜೋಡೇನು?" ಅಂದೆ. ದಾರವನ್ನು ನಾನೇ ಅಳತೆ ಮಾಡಿ ಕೊಟ್ಟೆ. ಎರಡನೆಯದು, ಹೆಸರು ಹೇಳುವಂತಿಲ್ಲ. ಚಾನೆಲ್ಲಿನಲ್ಲಿ ಹುಲುಗಪ್ಪ, ತಿಮ್ಮಪ್ಪ ಯಾರೂ ಇಲ್ಲ, ಹರಿಗೋಲು ಒಂದು, ಹರಿಗೋಲು ಎರಡು, ಅಷ್ಟೇ. ಹುಲುಗಪ್ಪ ಹರಿಗೋಲು ನಾಲ್ಕು.

ಇಂಥ ಸೆಟ್ಟಿನಲ್ಲಿ ಫೋನಿನ ಹಾಗೆ ಇಬ್ಬರೂ ಒಟ್ಟಿಗೆ ಮಾತಾಡಲು ಬರುವುದಿಲ್ಲ. ಪಕ್ಕದ ಗುಂಡಿ ಒತ್ತಿದಾಗ ಬಾಯಿ, ಬಿಟ್ಟಾಗ ಕಿವಿ. ಇದು ಹುಲುಗಪ್ಪನ ತಲೆಗೆ ಹತ್ತಲೇ ಇಲ್ಲ. ಒತ್ತಿ ಎರಡು ಶಬ್ದ ಹೇಳಿ ಗಾಬರಿಯಿಂದ ಬಿಟ್ಟುಬಿಡುವನು. ನನಗೆ ಅರ್ಧ ಮಾತು ಬಂದು ಅರ್ಧ ನುಂಗಿಹೋಗುತ್ತಿತ್ತು. ನಾಲ್ಕನೇ ಸಲಕ್ಕೆ ನನ್ನ ತಲೆ ಕೆಟ್ಟಿತು. "ನಿನ್ನ ಮಾತು ಹುಳ ತಿಂದ ಎಲಿ ಆದಂಗ ಬರಾಕತ್ತೇತಿ. ನಡುವ ಗುಂಡಿ ಬಿಟ್ಟಿ ಅಂದ್ರ ನೋಡು! ಪೂರಾ ಹೇಳು, ಮುಗೀತಂದ್ರ 'ಓವರ್' ಅನ್ನು, ಆಮ್ಯಾಲ ಬಿಡು. ಮುಗಿಯೋಕಿಂತ ಮೊದ್ಲ ಕೈ ಬಿಟ್ರ ಸೆಟ್ಟ ಕಸಗೊಂತೀನಿ," ಎಂದು ಎಲ್ಲರೆದುರು ಗದರಿದೆ. ಪಾಪ, ಆ ದೊಡ್ಡ ಕಿವಿ ಎರಡೂ ಕೆಂಪಾದವು. "ಆತ್ರಿ ಅಕ್ಕೋರ, ಸತ್ರೂ ಬಿಡಂಗಿಲ್ಲ," ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದಾಗಿ ಒಂಬತ್ತನೇ ದಿನ ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಬಂತು. ಬೆಳಿಗ್ಗೆಯೇ ಡಂಗುರ ಹೊಡೆಸಿದ್ದಾಯಿತು, ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿದ್ದಾಯಿತು, ನಾನೂ ಆರೂ ಸೆಟ್ಟಿಗೆ ಹೇಳಿದೆ. ಐವರು ತಮ್ಮ ಹರಿಗೋಲನ್ನು ದಂಡೆಗೆಳೆದು ಬೋರಲು ಹಾಕಿದರು. ಹುಲುಗಪ್ಪ ಮಾತ್ರ ಹಿಂದಿನ ದಿನ ಕಟ್ಟಿದ್ದ ಹೊಸ ಬಲೆ ಬಿಚ್ಚಿಕೊಂಡು ಬರುತ್ತೇನೆಂದು ಮಧ್ಯಾಹ್ನ ನದಿಗಿಳಿದಿದ್ದ. ಒಂದು ತಾಸಿನ ಕೆಲಸ ಅಂದುಕೊಂಡನಂತೆ. ನೀರು ಅವನ ಲೆಕ್ಕಕ್ಕಿಂತ ಮೊದಲೇ ಬಂತು.

ಸಂಜೆ ಐದೂ ಇಪ್ಪತ್ತಕ್ಕೆ ನನ್ನ ಸೆಟ್ಟು ಕರ್ರೆಂದಿತು. "ಕಂಟ್ರೋಲ್, ಕಂಟ್ರೋಲ್, ಹರಿಗೋಲು ನಾಕು. ಹರಿಗೋಲು ಮಗುಚೇತ್ರಿ ಅಕ್ಕೋರ. ಕಲ್ಲ ಹಿಡಕೊಂಡು ನಿಂತೀನಿ. ನೀರು ಮೊಣಕಾಲಿಗೆ ಬಂದೈತಿ. ಯಾವ ಕಲ್ಲೋ ತಿಳೀವಲ್ದು, ಎಲ್ಲಾ ಮುಳುಗ್ಯಾವು. ಲಗೂನ ಯಾರ್ನರ ಕಳಸ್ರಿ..."

ಮಾತು ನಿಂತಿತು. ನೀರಿನ ಸಪ್ಪಳ ನಿಲ್ಲಲಿಲ್ಲ. ಹೋ ಎನ್ನುವ ಆ ಸಪ್ಪಳ ಕೇಳುತ್ತಲೇ ಇದೆ ಎಂದರೆ ಅವನ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇದೆ ಎಂದರ್ಥ. ನಾನು ಮೈಕ್ ಒತ್ತಿ, "ಹರಿಗೋಲು ನಾಲ್ಕು, ಗುಂಡಿ ಬಿಡು, ಗುಂಡಿ ಬಿಡು," ಎಂದು ಕೂಗಿದೆ. ಗೋಡೆಗೆ ಕೂಗಿದ ಹಾಗೆ. ಅವನು ಬಿಡದ ಹೊರತು ನನ್ನ ದನಿ ಅವನಿಗೆ ಮುಟ್ಟುವುದಿಲ್ಲ, ಮತ್ತು ನನ್ನ ದನಿ ಮುಟ್ಟದೆ ಅವನು ಬಿಡುವುದಿಲ್ಲ. ಮುಗಿಯುವವರೆಗೂ ಬಿಡಬೇಡ ಎಂದು ಕಲಿಸಿದವಳು ನಾನೇ. ಉತ್ತರ ಬಾರದೆ ಅವನ ಮಾತು ಮುಗಿಯುವುದಾದರೂ ಹೇಗೆ?

"ಅಕ್ಕೋರ, ಕೇಳಾಕತ್ತೀರೇನ್ರಿ? ಅಕ್ಕೋರ?" ಎಂದು ನಾಲ್ಕಾರು ಸಲ ಕರೆದ. ಆಮೇಲೆ ದನಿ ತಗ್ಗಿತು. "ಯಾರೂ ಇಲ್ಲ ಇದರಾಗ," ಅಂದ. ನಾನು ಮೇಜಿನ ಮುಂದೆ ಎದ್ದು ನಿಂತು, ಇದ್ದೀನಪ್ಪಾ, ಇದ್ದೀನಿ, ಎಂದು ಖಾಲಿ ಕೋಣೆಗೆ ಹೇಳುತ್ತಿದ್ದೆ. ಮೂವತ್ತು ವರ್ಷ ಎಷ್ಟೋ ಜನರ ಕಷ್ಟ ಕೇಳಿದ್ದೇನೆ, ಆದರೆ ಉತ್ತರ ಕೊಡಲಾಗದೆ ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು. ಅತ್ತೆ ಕೂಡ.

ಅಳುತ್ತಲೇ ಮೊಬೈಲ್ ತೆಗೆದು ಜಲೀಲ್ ಸಾಬರಿಗೆ ಫೋನ್ ಮಾಡಿದೆ. ಅವರು ರಕ್ಷಣಾ ತಂಡದ ಮೋಟಾರು ಬೋಟು ನಡೆಸುವವರು, ದಂಡೆಯಲ್ಲೇ ಸಿದ್ಧವಾಗಿದ್ದರು. ವಿಷಯ ಕೇಳಿದವರೇ ಒಂದೇ ಪ್ರಶ್ನೆ ಕೇಳಿದರು: "ಯಾವ ಸೀಳಿನ್ಯಾಗ ಅದಾನಕ್ಕಾ?" ಅಲ್ಲಿ ನದಿ ಒಂದು ಉದ್ದನೆಯ ನಡುಗಡ್ಡೆಯನ್ನು ಬಳಸಿ ಎರಡು ಸೀಳಾಗಿ ಹರಿಯುತ್ತದೆ, ಈಚೆ ಸೀಳು, ಆಚೆ ಸೀಳು. ನಡುಗಡ್ಡೆಯ ತುಂಬ ಜಾಲಿ ಮರ. ಒಂದರಲ್ಲಿ ನಿಂತರೆ ಇನ್ನೊಂದು ಕಾಣುವುದಿಲ್ಲ. "ಈ ಸೆಳವಿನ್ಯಾಗ ಒಂದು ಸೀಳಿಗೆ ಇಳಿದ್ರ ತಿರುಗಿ ಹತ್ತಾಕ ಆಗಂಗಿಲ್ಲ. ಮುಂದ ಮೂರು ಮೈಲಿ ಹೋಗೇ ದಂಡಿಗೆ ಹತ್ತಬೇಕು. ಕತ್ತಲಾದ ಮ್ಯಾಲ ಕಲ್ಲು ಕಾಣಂಗಿಲ್ಲ. ಒಂದ ಸೀಳು, ಒಂದ ಸರ್ತಿ. ಕೇಳಿ ಹೇಳ್ರಿ, ಅಲ್ಲಾನ ಹೆಸರಾಗ ಲಗೂನ ಹೇಳ್ರಿ," ಅಂದರು.

ಕೇಳಿ ಹೇಳಬೇಕಂತೆ! ಕೇಳುವುದೇ ಆಗುತ್ತಿಲ್ಲವಲ್ಲ. ಹೊತ್ತು ಮುಳುಗಲು ಇನ್ನೊಂದು ತಾಸು. ಅದಕ್ಕಿಂತ ಮೊದಲು ಅವನ ಸೆಟ್ಟಿನ ಬ್ಯಾಟರಿ ಮುಗಿಯುವ ಭಯ. ಸೆಟ್ಟು ಕೇಳುವಾಗ ತಿನ್ನುವುದಕ್ಕಿಂತ ಹೇಳುವಾಗ ತಿನ್ನುವ ವಿದ್ಯುತ್ತು ಎಷ್ಟೋ ಪಾಲು ಹೆಚ್ಚು. ಇವನು ಬಿಡುವಿಲ್ಲದೆ ಹೇಳುತ್ತಲೇ ಇದ್ದಾನೆ.

"ನೀರು ತೊಡಿಗೆ ಬಂತು," ಅಂದ. ಸ್ವಲ್ಪ ಹೊತ್ತು ಬಿಟ್ಟು, ನನಗಲ್ಲ, ತನಗೇ ಮಾತಾಡತೊಡಗಿದ. ಕೋಳಿಗೆ ಬೆಳಿಗ್ಗೆ ನುಚ್ಚು ಹಾಕಿಲ್ಲವಂತೆ. ಕೀಲಿಕೈ ಬಚ್ಚಲ ಗೂಡಿನಲ್ಲಿದೆಯಂತೆ. "ಮೋಕಾದಾಗ ನನ್ನ ಮಗಳದಾಳ. ಹೋದ ಹಬ್ಬಕ್ಕ ಬಂದಾಗ ಬೈದು ಕಳಸೀನಿ. ಮನಸಿನ್ಯಾಗ ಇಟ್ಟಗೋಬ್ಯಾಡ ಅಂತ ಯಾರರ ಹೇಳ್ರಿ ಆಕಿಗೆ." ಆಮೇಲೆ ಸಣ್ಣ ಹುಡುಗನ ಹಾಗೆ, "ಯಾರೂ ಕೇಳಾಕತ್ತಿಲ್ಲ. ಆದ್ರೂ ಗುಂಡಿ ಬಿಡಂಗಿಲ್ಲಪ್ಪ. ಅಕ್ಕೋರು ಬೈತಾರ," ಅಂದ. ಆ ಮಾತು ಕೇಳಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

ಆಗಲೇ ನೀರಿನ ಸಪ್ಪಳ ಟಪ್ಪೆಂದು ನಿಂತು, ಎರಡು ಎಣಿಸುವಷ್ಟರಲ್ಲಿ ಮತ್ತೆ ಶುರುವಾಯಿತು. "ಇದೇನೋ ಕುಂಯ್ ಅಂತೈತಿ," ಎಂದು ಅವನು ಗೊಣಗಿದ. ಆಗ ನೆನಪಾಯಿತು. ಯಾರಾದರೂ ಮೈಮರೆತು ಗುಂಡಿ ಒತ್ತಿ ಕೂತರೆ ಚಾನೆಲ್ ಎಲ್ಲರಿಗೂ ಬಂದ್ ಆಗುತ್ತದೆಂದು, ಮೂರು ನಿಮಿಷಕ್ಕೊಮ್ಮೆ ಸೆಟ್ಟು ತಾನೇ ನಿಂತು ಕೂಗುವಂತೆ ನಾನೇ ಹೊಂದಿಸಿದ್ದೆ. ಕೂಗಿದಾಗ ಗುಂಡಿ ಬಿಟ್ಟು ಮತ್ತೆ ಒತ್ತಿದರೆ ಮತ್ತೆ ನಡೆಯುತ್ತದೆ. ಅಷ್ಟು ಹೊತ್ತೂ ಅದು ಕೂಗಿದಾಗಲೆಲ್ಲ ಅವನು ಬಿಟ್ಟು ಒತ್ತುತ್ತಿದ್ದ, ಅಳುವ ಗಡಿಬಿಡಿಯಲ್ಲಿ ನಾನು ಗಮನಿಸಿರಲಿಲ್ಲ. ಮೂರು ನಿಮಿಷಕ್ಕೊಮ್ಮೆ ಒಂದು ಸೆಕೆಂಡು ಅವನಿಗೆ ಕಿವಿ ಬರುತ್ತದೆ. ನನ್ನ ಪಾಲಿಗೆ ಇದ್ದದ್ದು ಅಷ್ಟೇ ಕಿಂಡಿ.

ಗಡಿಯಾರ ನೋಡುತ್ತ ಮೈಕ್ ಹಿಡಿದು ಕೂತೆ. ಸಪ್ಪಳ ನಿಂತ ಕ್ಷಣವೇ, "ಹರಿಗೋಲು ನಾಲ್ಕು, ಹರಿಗೋಲು ನಾಲ್ಕು, ಕಂಟ್ರೋಲ್..." ಎಂದು ಶುರು ಮಾಡಿದೆ. ಮೂವತ್ತು ವರ್ಷದ ಚಟ, ನೋಡಿ. "ಹರಿ" ಅನ್ನುವಷ್ಟರಲ್ಲಿ ಅವನು ಮತ್ತೆ ಒತ್ತಿಬಿಟ್ಟಿದ್ದ. ಶಿಸ್ತಿನ ಮಾತಿಗೆ ಆ ಕಿಂಡಿಯಲ್ಲಿ ಜಾಗವಿರಲಿಲ್ಲ. ಮುಂದಿನ ಮೂರು ನಿಮಿಷ ನನ್ನ ಜೀವನದಲ್ಲೇ ಉದ್ದವಾದ ಮೂರು ನಿಮಿಷ. ಸಪ್ಪಳ ನಿಂತಿತು. ಚಾನೆಲ್ಲಿನಲ್ಲಿ ಹೆಸರು ಹೇಳಬಾರದೆಂಬ ನನ್ನದೇ ಕಾಯಿದೆ ಮುರಿದು, ಗಂಟಲು ಹರಿಯುವಂತೆ "ಹುಲುಗಪ್ಪಾ!" ಎಂದು ಕೂಗಿದೆ.

ಮತ್ತೆ ನೀರಿನ ಸಪ್ಪಳ. ಆಮೇಲೆ ನಡುಗುವ ದನಿಯಲ್ಲಿ, "ಯಾರೋ ಕರದ್ರು. ನನ್ನ ಹೆಸರು ಹಿಡದು ಕರದ್ರು. ಸೆಟ್ಟಿನ್ಯಾಗ ಹೆಸರು ಕರೆಯಂಗಿಲ್ಲ, ಇದು ಅಕ್ಕೋರಲ್ಲ. ಮುಚ್ಚಂಜಿ ಹೊತ್ತಿನ್ಯಾಗ ನೀರಿನ ಮ್ಯಾಲ ಒಂದ ಸಲ ಕರದ್ರ ಓ ಅನ್ನಬಾರದು. ಓ ಅನ್ನಂಗಿಲ್ಲ, ನಾ ಅನ್ನಂಗಿಲ್ಲ," ಎಂದು ಬಡಬಡಿಸಿದ.

ಓದುವವರಿಗೆ ನಗು ಬರಬಹುದು. ನನಗೆ ಬರಲಿಲ್ಲ. ನನ್ನ ಅವ್ವನೂ ಇದನ್ನೇ ಹೇಳುತ್ತಿದ್ದಳು. ದೆವ್ವಕ್ಕೆ ಒಂದೇ ಸಲ ಕರೆಯಲು ಬರುವುದು, ಮೂರು ಸಲ ಕರೆಯುವವರು ಮನುಷ್ಯರೇ. ಅದಕ್ಕೇ ಸಂಜೆ ಹೊತ್ತು ಯಾರು ಕರೆದರೂ ಮೂರನೇ ಕೂಗಿಗೆ ಓಗೊಡಬೇಕು. ನೀಲಮ್ಮ ಮತ್ತು ನಾನು ಸಣ್ಣವರಿದ್ದಾಗ ಕುರುಗೋಡಿನ ಹಿತ್ತಲಿನಲ್ಲಿ ಈ ಆಟವನ್ನೇ ಆಡುತ್ತಿದ್ದೆವು. ಹಾಗಾದರೆ ಇನ್ನೆರಡು ಕೂಗು, ಆರು ನಿಮಿಷ. "ಸೊಂಟಕ್ಕ ಬಂತ್ರೆಪ್ಪೋ," ಎಂದು ಅವನು ಅತ್ತ. ಬಂದ್ ಮಾಡದೆ ಇಟ್ಟಿದ್ದ ಫೋನಿನಲ್ಲಿ ಜಲೀಲ್ ಸಾಬರು ಬೋಟಿನ ಇಂಜಿನ್ ಶುರು ಮಾಡಿದ ಸದ್ದು ಕೇಳಿಸಿತು.

ಕಿಂಡಿ ತೆರೆಯಿತು. "ಹುಲುಗಪ್ಪಾ!"

"ಎರಡಾತು," ಅಂದ ಅವನು. ಅಷ್ಟೇ. ಮುಂದಿನ ಮೂರು ನಿಮಿಷ ಇಬ್ಬರೂ ಕಾದೆವು, ಅವನು ಕಲ್ಲಿನ ಮೇಲೆ, ನಾನು ಕುರ್ಚಿಯ ತುದಿಯಲ್ಲಿ.

"ಹುಲುಗಪ್ಪಾ!"

ನೀರಿನ ಸಪ್ಪಳ ಬಂತು. ಅದರೊಳಗಿಂದ, ಎದುರು ಮನೆಯವರು ಕರೆದರೆ ಹೇಳುವಷ್ಟು ಸಹಜವಾಗಿ, "ಓ! ಇಲ್ಲೇ ಅದೀನ್ರಿ," ಅಂದ. ಒಂದು ಗಳಿಗೆ ಬಿಟ್ಟು, ಪಾಠ ಒಪ್ಪಿಸುವವನ ಹಾಗೆ, "ಓವರ್," ಅಂದ.

ಗುಂಡಿ ಬಿಟ್ಟ.

"ನಾನು ಅಕ್ಕೋರು. ಮಿಲ್ಲಿನ ಚಿಮಣಿ ಕಾಣ್ತದೇನು? ಹೌದು, ಇಲ್ಲ, ಅಷ್ಟ ಹೇಳು. ಓವರ್." ಈಚೆ ದಂಡೆಯಲ್ಲಿ ಅಕ್ಕಿ ಮಿಲ್ಲಿನ ಉದ್ದನೆಯ ಚಿಮಣಿ ಇದೆ. ಈಚೆ ಸೀಳಿನಲ್ಲಿದ್ದರೆ ಅದು ಕಾಣಲೇಬೇಕು. ಆಚೆ ಸೀಳಿನಲ್ಲಿದ್ದರೆ ಜಾಲಿ ಮರ ಅಡ್ಡ ಬರುತ್ತವೆ.

"ಇಲ್ರಿ ಅಕ್ಕೋರ. ಬರೇ ಜಾಲಿ. ನೀವು ಅಲ್ಲೇ ಅದೀರೇನ್ರಿ ಅಕ್ಕೋ..."

ಅಲ್ಲಿಗೆ ಅವನ ಬ್ಯಾಟರಿ ಹೋಯಿತು. ನಾನು ಇನ್ನೊಂದು ಕೈಯಲ್ಲಿದ್ದ ಫೋನಿಗೆ "ಆಚೆ ಸೀಳು, ಜಲೀಲ್ ಭಾಯ್, ಆಚೆ ಸೀಳು," ಎಂದು ಕಿರುಚಿದೆ.

ಆಮೇಲಿನ ನಲವತ್ತು ನಿಮಿಷ ಚಾನೆಲ್ ಖಾಲಿ. ಅಷ್ಟು ಹೊತ್ತು ಯಾವ ಸಪ್ಪಳ ನಿಲ್ಲಲಿ ಎಂದು ಬೇಡಿಕೊಂಡಿದ್ದೆನೋ ಅದೇ ಸಪ್ಪಳ ಒಂದು ಸಲ ಬರಲಿ ಎಂದು ಬೇಡಿಕೊಂಡೆ. ಕಿಟಕಿಯ ಹೊರಗೆ ಗದ್ದೆಗಳ ಮೇಲಿನ ಬೆಳಕು ಕಡಿಮೆಯಾಗುತ್ತ ಬಂತು. ಅವನು ಕೊನೆಗೆ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಸಪ್ಪಳವಿಲ್ಲದ ಸೆಟ್ಟಿಗೇ ಹೇಳಿದೆ, ಅದೀನಪ್ಪಾ, ಇಲ್ಲೇ ಅದೀನಿ. ಹೀಗೆ ಒಬ್ಬಳೇ ಕೂತು ಹೇಳಿಕೊಳ್ಳುವುದು ಆವತ್ತು ಹೊಸದಾಗಿ ಶುರುವಾದದ್ದಲ್ಲ ಎಂದು ಆಗ ತಿಳಿಯಿತು. ಪಾರ್ವತಿನಗರದ ಮನೆಯಲ್ಲಿ ನಾಲ್ಕು ವರ್ಷದಿಂದ ನಡೆದದ್ದೂ ಅದೇ. ಎಷ್ಟು ರಾತ್ರಿ ನೀಲಮ್ಮನ ಜೊತೆ ವಾದ ಮಾಡಿ ಗೆದ್ದಿದ್ದೇನೋ, ಅವಳಿಗೆ ಒಂದು ಅಕ್ಷರ ಕೇಳಿಸಿರಲಿಲ್ಲ.

ಕಡೆಗೂ ಫೋನ್ ಬಂತು. "ಸಿಕ್ಕ ಅಕ್ಕಾ. ಎದಿಮಟ ನೀರಾಗ ಇದ್ದ. ಕೈಯಾಗಿನ ಸೆಟ್ಟು ಬಿಡಸಾಕ ಇಬ್ರು ಬೇಕಾದ್ರು," ಎಂದರು ಜಲೀಲ್ ಸಾಬರು.

ಮರುದಿನ ಸಿರುಗುಪ್ಪದ ಆಸ್ಪತ್ರೆಗೆ ಹೋದೆ. ಮಂಚದ ಪಕ್ಕ ಮೋಕಾದಿಂದ ಬಂದ ಮಗಳು ಕೂತು ಅಪ್ಪನಿಗೆ ಗಂಜಿ ಕುಡಿಸುತ್ತ ಬೈಯುತ್ತಿದ್ದಳು. ನನ್ನನ್ನು ನೋಡಿ ಹುಲುಗಪ್ಪ ಏಳಲು ಹೋದ. ನಾನು ಕೂರಿಸಿ, "ತಪ್ಪು ನನ್ನದಪ್ಪ. ಬಿಡಬ್ಯಾಡ ಅಂತ ಕಲಿಸಿದೆ, ಯಾವಾಗ ಬಿಡಬೇಕು ಅನ್ನೋದು ಕಲಿಸಲಿಲ್ಲ," ಅಂದೆ. ಮಗಳು ಲೋಟ ತೊಳೆಯಲು ಎದ್ದು ಹೋದ ಮೇಲೆ ಅವನು ತಗ್ಗಿದ ದನಿಯಲ್ಲಿ ಕೇಳಿದ: "ಅಕ್ಕೋರ, ಮೊದಲಿಂದ ಕೇಳಾಕತ್ತಿದ್ರೇನ್ರಿ?"

"ಮೊದಲಿಂದ," ಅಂದೆ. "ಕೋಳಿ ನುಚ್ಚಿನಿಂದ ಹಿಡದು ಎಲ್ಲಾ."

ನಾಚಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ದಿಂಬಿಗೆ ತಲೆ ಒರಗಿಸಿ, "ಹಂಗಂದ್ರ ನಾನು ಒಬ್ಬನ ಇರಲಿಲ್ಲ ಬಿಡ್ರಿ," ಅಂದ.

ಆಮೇಲೆ ಉಳಿದ ಎರಡು ವರ್ಷ ನನ್ನ ಪಾಠ ಬದಲಾಯಿತು. ಸೆಟ್ಟು ಎದೆಗೆ ಕಟ್ಟಿಕೊಳ್ಳಿ ಎನ್ನುವುದು ಹಾಗೇ ಉಳಿಯಿತು, ಆ ದಾರ ಇಲ್ಲದಿದ್ದರೆ ಹುಲುಗಪ್ಪ ಉಳಿಯುತ್ತಿರಲಿಲ್ಲ. ಅದರ ಜೊತೆಗೆ, ಎರಡು ಮಾತು ಹೇಳಿ, ಗುಂಡಿ ಬಿಡಿ, ಹತ್ತು ಎಣಿಸಿ, ಎಂದು ಕಲಿಸಿದೆ. ನೀರಿನ ಮೇಲಿನವರನ್ನು ಕರೆಯುವಾಗ ನಂಬರ್ ಜೊತೆ ಹೆಸರೂ ಹಿಡಿದು ಮೂರು ಸಲ ಕರೆಯಬೇಕು ಎಂದು ಲಾಗ್ ಪುಸ್ತಕದ ಮೊದಲ ಹಾಳೆಯಲ್ಲಿ ನಾನೇ ಬರೆದೆ. ಮೇಲಿನ ಸಾಹೇಬರು ಇದ್ಯಾವ ನಿಯಮ ಎಂದು ಕೇಳಿದರು. ನದಿಯ ನಿಯಮ ಸಾರ್ ಅಂದೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ: ಒಂದು ಸಲ ಕರೆದು ಉತ್ತರ ಬರಲಿಲ್ಲವೆಂದರೆ ಆ ಕಡೆ ಯಾರೂ ಇಲ್ಲ ಎಂದಲ್ಲ. ಕರೆದವರ ಮೇಲೆ ಅವರಿಗೆ ಇನ್ನೂ ನಂಬಿಕೆ ಬಂದಿಲ್ಲ, ಅಷ್ಟೇ.

ಪ್ರವಾಹದ ಡ್ಯೂಟಿ ಮುಗಿಸಿ ಬಳ್ಳಾರಿಗೆ ಬಂದ ದಿನ, ಬ್ಯಾಗು ಬಾಗಿಲಲ್ಲೇ ಇಟ್ಟು ಕುರುಗೋಡಿಗೆ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಎರಡನೇ ಸಲ ಮಾಡಿದೆ. ನಿಂತಿತು. ಮೂರನೇ ಸಲ ಮಾಡಿದೆ.

ಎತ್ತಿದಳು. ಹಲೋ ಅನ್ನಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಅದೂ ನಿಂತಿತು. ನನ್ನ ಬಾಯಲ್ಲಿ ನಾಲ್ಕು ವರ್ಷದ ಮಾತು ಸಾಲಾಗಿ ನಿಂತಿತ್ತು, ಡ್ಯೂಟಿ, ಅವ್ವ, ಮೂರನೇ ದಿನ, ಎಲ್ಲಾ. "ನೀಲಾ, ನಾನು," ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡೆ. ಮನಸ್ಸಿನಲ್ಲೇ ಎಣಿಸಿದೆ. ಹತ್ತಾಯಿತು. ಇಪ್ಪತ್ತಾಯಿತು.

"ಊಟ ಆತೇನಕ್ಕ?" ಅಂದಳು.